ಭಾವನವರ ಡೆಕ್ಕು

ಕೊಪ್ಪ ತಾಲ್ಲೂಕಿನಲ್ಲಿ ನಮ್ಮ ಭಾವನವರ ಡೆಕ್ಕಿನಷ್ಟು ಗಟ್ಟಿಮುಟ್ಟಾದ ಡೆಕ್ಕು ಇನ್ನೊಂದಿಲ್ಲ ಎಂದು ನಾನು ಪಂಥ ಕಟ್ಟಿ ಹೇಳಬಲ್ಲೆ. ಮೂರು ಮಳೆಗಾಲ ಕಳೆದರೂ ಅದಕ್ಕೆ ಪಾಚಿ ಹಿಡಿದಿಲ್ಲ. ಗೆದ್ದಲು ಹತ್ತಿರ ಸುಳಿದಿಲ್ಲ. ಒಂದು ಮೊಳೆ ತುಕ್ಕಾಗಿಲ್ಲ, ಒಂದು ಹಲಗೆ ಡೊಂಕಾಗಿಲ್ಲ. ಹೇಗೆ ತಾನೇ ಆಗುತ್ತದೆ? ಅದನ್ನು ಕಟ್ಟಿಯೇ ಇಲ್ಲವಲ್ಲ!

ಭಾವನವರು ಎಂದರೆ ನನ್ನ ಯಜಮಾನರ ಅಣ್ಣ. ಮದುವೆಯಾದವರಲ್ಲ. ಭೂಮಿ ಅಳೆಯುವ ಸರಕಾರಿ ಕೆಲಸದಲ್ಲಿ ಮೂವತ್ತು ಚಿಲ್ಲರೆ ವರ್ಷ ಸರಪಳಿ ಎಳೆದು ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಗದ್ದೆ ತೋಟ ಸುತ್ತಿದವರು. ಕಡಹಿನಬೈಲಿನಲ್ಲಿ ಯಾರ ಬೇಲಿ ಯಾರ ಗದ್ದೆಗೆ ಎಷ್ಟು ಅಡಿ ನುಗ್ಗಿದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಯಾರು. ನಿವೃತ್ತಿಯಾದ ಮೇಲೆ ಬಾಳಗಡಿಯ ನಮ್ಮ ಮನೆಗೇ ಬಂದರು. ಒಂದು ಟ್ರಂಕು, ಒಂದು ಕೊಡೆ, ಅಂಗಿಯ ಜೇಬಿನಲ್ಲಿ ಒಂದು ಅಳತೆ ಟೇಪು. ಬೇರೆಯವರು ಪೆನ್ನು ಸಿಕ್ಕಿಸುವ ಜಾಗದಲ್ಲಿ ಅವರಿಗೆ ಟೇಪು! ದೋಸೆ ಹಾಕಿಕೊಟ್ಟರೆ ಮೊದಲು ಅದರ ಅಡ್ಡಗಲ ನೋಡಿ, "ನಿನ್ನೆಗಿಂತ ಅರ್ಧ ಇಂಚು ಕಮ್ಮಿ ಆಯ್ತಲ್ಲ ಮಾರಾಯ್ತಿ" ಎನ್ನುವ ಜಾತಿ.

ಸಂಜೆ ದೀಪ ಹಚ್ಚುವಾಗ ಆ ದಿನ ಆದ ಉಪಕಾರಗಳನ್ನು ಬೆರಳು ಮಡಿಸಿ ದೇವರಿಗೆ ಒಪ್ಪಿಸುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಒಂದು. ಕರೆಂಟು ಹೋಗಲಿಲ್ಲ, ಎರಡು. ಇವರು ಅಂಗಡಿಯಿಂದ ಸಿಟ್ಟು ಹೊತ್ತು ಬರಲಿಲ್ಲ, ಮೂರು. ಭಾವನವರು ಬಂದ ಮೇಲೆ ನಾಲ್ಕನೆಯ ಬೆರಳು ಮಡಿಸುವುದು ಸ್ವಲ್ಪ ಕಷ್ಟವಾಯಿತು ಎಂದರೆ ದೇವರೇನೂ ತಪ್ಪು ತಿಳಿಯುವುದಿಲ್ಲ.

ಡೆಕ್ಕು ಹುಟ್ಟಿದ್ದು ಫೋನಿನಲ್ಲಿ. ಯಾವುದೋ ದೇಶದ ಯಾರೋ ಮನೆ ಮುಂದೆ ಮರದ ಹಲಗೆ ಹಾಸಿ, ಕುರ್ಚಿ ಇಟ್ಟು ಕಾಫಿ ಕುಡಿಯುತ್ತಿದ್ದರಂತೆ. ಭಾವನವರು ಅದನ್ನು ನನಗೂ ಇವರಿಗೂ ಮೂರು ಸಲ ತೋರಿಸಿದರು.

"ಇದೆಂತ ಹೊಸತಾ ಅಣ್ಣ? ಅಡಿಕೆ ಒಣಗಿಸೋ ಅಟ್ಟ ಅಲ್ವ ಇದು?" ಎಂದರು ಇವರು.

"ಅಟ್ಟದ ಮೇಲೆ ಅಡಿಕೆ ಕೂರ್ತದೆ. ಡೆಕ್ಕಿನ ಮೇಲೆ ಮನುಷ್ಯ ಕೂರ್ತಾನೆ."

"ಎರಡೂ ಒಣಗೂದೇ ಅಲ್ವ?"

ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವಷ್ಟರಲ್ಲಿ ನಮ್ಮ ಪುಟ್ಟ ಅಂಗಳದಲ್ಲಿ ಗೂಟಗಳು ನಿಂತಿದ್ದವು. ಮೆಟ್ಟಿಲಿನ ಬುಡದಿಂದ ತುಳಸಿಕಟ್ಟೆಯವರೆಗೆ ಗೂಟದಿಂದ ಗೂಟಕ್ಕೆ ಮೊಣಕಾಲೆತ್ತರದಲ್ಲಿ ಬಿಳಿ ದಾರ. ಒಂದು ಕಡೆ ಮಾತ್ರ ಎರಡೂವರೆ ಅಡಿ ದಾರವಿಲ್ಲದ ಜಾಗ. ಅದು ಡೆಕ್ಕಿನ ಬಾಗಿಲು!

"ಕಾಗದದ ಮೇಲೆ ಬರೆದ್ರೆ ಸಾಕಿತ್ತಲ್ಲ ಭಾವ?" ಎಂದೆ.

"ಕಾಗದದ ಮೇಲೆ ಎಲ್ಲ ಜಾಗವೂ ಚಂದವೇ. ನಡೆದು ನೋಡ್ಬೇಕು. ಆರು ತಿಂಗಳು ನಡೆದು ನೋಡಿ, ಆಮೇಲೆ ಮರ."

ಆರು ತಿಂಗಳು! ಅಂದಿನಿಂದ ಶುರುವಾಯಿತು ನೋಡಿ ನಮ್ಮ ಪಾಡು. ಸಿಲಿಂಡರು ಹೊತ್ತು ತಂದವನು ನೇರ ನುಗ್ಗಿದರೆ, "ಏ, ರೇಲಿಂಗ್ ಮೇಲೆ ಕಾಲಿಟ್ಟೆಯಲ್ಲ ಮಾರಾಯ!" ಎಂದು ಕೂಗಿ, ಹೊತ್ತ ಸಿಲಿಂಡರಿನ ಸಮೇತ ಅವನನ್ನು ಹಿಂದೆ ಕಳಿಸಿ ಬಾಗಿಲಿನಿಂದ ಬರಿಸಿದರು. ಕರಿಬೇವು ಕೇಳಲು ಬಂದ ಪಕ್ಕದ ಮನೆ ಸರೋಜಕ್ಕ ದಾರದ ಹೊರಗೇ ನಿಂತು, "ಒಳಗೆ ಬರ್ಬಹುದಾ? ಕಾಲಿಂಗ್ ಬೆಲ್ ಎಲ್ಲುಂಟು ಭಾವಯ್ಯ?" ಎಂದು ಕಿಚಾಯಿಸಿದರೆ ಭಾವನವರು ನಗದೆ, "ಬೆಲ್ಲು ಎಡಗಡೆ ಬರ್ತದೆ, ಇನ್ನೂ ಹಾಕಿಲ್ಲ" ಎಂದರು. ಸಂಜೆಯಾದರೆ ದಾರದ ಚೌಕದೊಳಗೆ ಕುರ್ಚಿ ಹಾಕಿಕೊಂಡು, ಇಲ್ಲದ ರೇಲಿಂಗಿಗೆ ಒರಗಲು ಹೋಗಿ, ನೆನಪಾಗಿ ನೆಟ್ಟಗಾಗುತ್ತಿದ್ದರು. ಸರೋಜಕ್ಕನ ನಾಯಿ ಮಾತ್ರ ಎರಡೇ ದಿನದಲ್ಲಿ ಬಾಗಿಲಿನಿಂದ ಬರುವುದನ್ನು ಕಲಿತಿತು. ಮನೆಯೊಡತಿಗೆ ಅಷ್ಟು ಬುದ್ಧಿ ಬರಲಿಲ್ಲ ಎಂದು ಭಾವನವರಿಗೆ ಬೇಸರ. ಒಡತಿ ಎಂದರೆ ನಾನು.

ಮಾವನವರ ತಿಥಿಗೆ ಬಂದ ಭಟ್ಟರು ಆ ಬಾಗಿಲಲ್ಲಿ ಸಿಕ್ಕಿಬಿದ್ದರು. ಚಪ್ಪಲಿ ಬಿಡುವುದು ದಾರದ ಹೊರಗೋ ಒಳಗೋ ಎಂದು ತಿಳಿಯದೆ ಒಂದು ಕಾಲಿನ ಚಪ್ಪಲಿ ಬಿಟ್ಟು, ಇನ್ನೊಂದನ್ನು ಮೆಟ್ಟಿಕೊಂಡೇ ನಿಂತಿದ್ದಾರೆ!

"ಡೆಕ್ಕು ಅಂದ್ರೆ ಮನೆಯ ಒಳಗಾ, ಹೊರಗಾ? ಅದು ಮೊದ್ಲು ಹೇಳಿ" ಎಂದರು.

"ನೀವೇ ಹೇಳ್ಬೇಕು. ಶಾಸ್ತ್ರ ಓದಿದವರು."

"ಶಾಸ್ತ್ರದಲ್ಲಿ ಡೆಕ್ಕು ಎಲ್ಲೂ ಬರೂದಿಲ್ಲ ಮಾರಾಯ್ರೆ! ಒಳಗೆ ಅಂತಾದ್ರೆ ಹೊಸಿಲು ಅಲ್ಲಿಗೆ ಹೋಗ್ಬೇಕು. ಹೊರಗೆ ಅಂತಾದ್ರೆ ಮಡಿಯವರು ಅಲ್ಲಿ ಕೂತು ಕಾಫಿ ಕುಡಿಯುವ ಹಾಗಿಲ್ಲ."

ಅರ್ಧ ಗಂಟೆ ಚರ್ಚೆಯಾಯಿತು. ಕೊನೆಗೆ, ಚಪ್ಪಲಿಗೆ ಒಳಗೆ, ಸೂತಕಕ್ಕೆ ಹೊರಗೆ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ನನ್ನ ವಡೆ ಹಿಟ್ಟು ನೀರಾಗಿತ್ತು. ಸಿಟ್ಟಿನಲ್ಲಿ ನಾನೂ ಒಂದು ಪ್ರಶ್ನೆ ಎಸೆದೆ.

"ಹೊಸಿಲು ಎಲ್ಲಿಗಾದ್ರೂ ಹೋಗ್ಲಿ. ನಾನು ರಂಗೋಲಿ ಹಾಕೂದು ಎಲ್ಲಿ? ಹಲಗೆ ಹಲಗೆ ನಡುವೆ ಅರ್ಧ ಇಂಚು ಸಂದು ಅಂತ ನೀವೇ ಹೇಳಿದ್ದು. ಪುಡಿ ಎಲ್ಲ ಕೆಳಗೆ ಉದುರೂದಿಲ್ವ? ಹೆಗ್ಗಣಗಳಿಗೆ ಹಾಕ್ಬೇಕಾ ರಂಗೋಲಿ?"

ಭಟ್ಟರು ಜೋರಾಗಿ ನಕ್ಕರು. ಭಾವನವರು ನಗಲಿಲ್ಲ. ಮಳೆ ನೀರು ಇಳಿಯಲು ಸಂದು, ಗಾಳಿಯಾಡಲು ಸಂದು, ಹಲಗೆ ಉಬ್ಬಲು ಸಂದು, ಎಲ್ಲ ಲೆಕ್ಕ ಹಾಕಿದ್ದವರು ರಂಗೋಲಿಯನ್ನು ಮರೆತಿದ್ದರು! ಊಟಕ್ಕೆ ಕೂತಾಗ ನನ್ನ ವಡೆಯ ಅಡ್ಡಗಲವನ್ನೂ ನೋಡಲಿಲ್ಲ. ಗೆದ್ದೆ ಎಂದುಕೊಂಡು ಆ ಸಂಜೆ ಹೆಚ್ಚಿಗೆ ಒಂದು ಬೆರಳು ಮಡಿಸಿದೆ.

ಗೆದ್ದದ್ದು ಎರಡೇ ದಿನ. ಮೂರನೆಯ ಬೆಳಿಗ್ಗೆ ನೋಡುತ್ತೇನೆ, ಆಗಷ್ಟೇ ಬರೆದ ನನ್ನ ರಂಗೋಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಟೇಪು ಹಿಡಿದಿದ್ದಾರೆ. "ಎರಡಡಿ ನಾಲ್ಕಿಂಚು" ಎಂದು ತಮಗೇ ಹೇಳಿಕೊಂಡರು.

"ದೇವರ ರಂಗೋಲಿಗೂ ಟೇಪಾ ಭಾವ!" ಎಂದೆ.

"ಹಬ್ಬಕ್ಕೆ ಇದಕ್ಕಿಂತ ದೊಡ್ಡದು ಹಾಕ್ತಿಯಾ?"

ಅದಾಗಿ ಒಂದು ವಾರಕ್ಕೆ, ಎರಡನೆಯ ಮೆಟ್ಟಿಲ ಮೇಲೆ ಕೂತು ಹರಿವೆ ಸೊಪ್ಪು ಬಿಡಿಸುತ್ತಿದ್ದೆ. ಎದುರು ಬಂದು ನಿಂತರು.

"ಮೊಣಕಾಲು ನೋವು ಎಡದ್ದಾ ಬಲದ್ದಾ?"

"ಎಡದ್ದು. ಯಾಕೆ, ಅದಕ್ಕೂ ಅಳತೆ ಉಂಟಾ?"

"ಅಲ್ಲೇ ಕೂತಿರು. ಏಳ್ಬೇಡ. ಕೈ ಮುಂದೆ ಚಾಚು, ರಂಗೋಲಿ ಬಿಡುವ ಹಾಗೆ." ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ನನ್ನ ಕೈಯ ಕಡೆಗೆ ಎಳೆದರು.

ಆಚೆ ಬೇಲಿಯಿಂದ ಸರೋಜಕ್ಕ, "ಎಂತ, ರವಿಕೆಗೆ ಅಳತೆಯಾ?" ಎಂದದ್ದೇ ತಡ, ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ. ಟೇಪು ಹಿಡಿದ ಕೈ ಹಾಗೇ ಗಾಳಿಯಲ್ಲಿ ಉಳಿಯಿತು.

ಇಲ್ಲಿಯವರೆಗೆ ನಗುತ್ತಾ ಬರೆದೆ. ಮುಂದಿನದಕ್ಕೆ ನನಗೆ ನಗು ಬರುವುದಿಲ್ಲ.

ಒಂದು ಶುಕ್ರವಾರ ತಾಮ್ರದ ಚೊಂಬಿನಲ್ಲಿ ತುಳಸಿಗೆ ನೀರು ಹಿಡಿದು ಹೋಗುತ್ತಿದ್ದೆ. ದಾರ ಕಾಲಿಗೆ ಸಿಕ್ಕಿತು. ಬಿದ್ದೆ. ದೇವರು ದೊಡ್ಡವನು, ಮೂಳೆ ಮುರಿಯಲಿಲ್ಲ. ನೀರು ಚೆಲ್ಲಿತು, ಅರಿಶಿನ ಕುಂಕುಮದ ಬಟ್ಟಲು ಮಗುಚಿತು. ಭಾವನವರು ಓಡಿ ಬಂದರು. ಅವರು ಬಾಯಿ ತೆರೆಯುವ ಮೊದಲೇ ನಾನು ಅಂದುಬಿಟ್ಟೆ.

"ಅಳೆಯೋ ಹುಚ್ಚಿದ್ರೆ ನಿಮ್ಮ ಸ್ವಂತ ಜಾಗ ಅಳೆದ್ಕೊಳ್ಳಿ ಭಾವ!"

ಮೂರು ತಾಲ್ಲೂಕು ಅಳೆದ ಮನುಷ್ಯನಿಗೆ ಒಂದು ಗೇಣು ಸ್ವಂತ ಜಾಗವಿಲ್ಲ. ಅವರ ಪಾಲಿಗೆ ಬಂದದ್ದನ್ನು ತಂಗಿಯ ಮದುವೆಗೆಂದು ಎಂದೋ ಬಿಟ್ಟುಕೊಟ್ಟಿದ್ದರು. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದೇ ಆಡಿದ ಮಾತು ಅದು. ಚೊಂಬನ್ನು ಎತ್ತಿ, ಪಂಚೆಯ ತುದಿಯಿಂದ ಮಣ್ಣು ಒರೆಸಿ ನನ್ನ ಕೈಗೆ ಕೊಟ್ಟರು.

"ಹೌದು. ಅದೂ ಸರಿಯೇ" ಎಂದರು. ಅಷ್ಟೇ.

ಮರುದಿನ, ಮೆಣಸೆಯಲ್ಲಿ ಆಚಾರಿಯ ಹತ್ತಿರ ಸ್ವಲ್ಪ ಕೆಲಸ ಉಂಟು, ನಾಲ್ಕು ದಿನ ಅಲ್ಲೇ ಪರಿಚಯದವರಲ್ಲಿ ಇರುತ್ತೇನೆ ಎಂದು ಕೊಡೆ ಹಿಡಿದು ಹೋದರು. ನಾನು ಯಜಮಾನರ ಬೆನ್ನು ಬಿದ್ದೆ. ಆ ನಾಲ್ಕು ದಿನದಲ್ಲಿ ಗೂಟ ಕೀಳಿಸಿ, ಇಡೀ ಅಂಗಳಕ್ಕೆ ಸಿಮೆಂಟಿನ ಇಂಟರ್‌ಲಾಕ್ ಹಾಸಿಸಿದೆ. ಹಾಸುವವರೂ ಹೇಳಿದ ದಿನಕ್ಕೇ ಬಂದರು! ಅದನ್ನೂ ದೇವರ ಕೃಪೆ ಎಂದೇ ಎಣಿಸಿದ್ದೆ.

ಭಾವನವರು ಬಂದು ಗೇಟಿನಲ್ಲಿ ಒಂದು ಗಳಿಗೆ ನಿಂತರು. ಆಮೇಲೆ, ನಾನು ಎಂದೆಂದಿಗೂ ಮರೆಯಲಾರೆ, ಬಾಗಿಲಿದ್ದ ಜಾಗಕ್ಕೇ ಸುತ್ತಿ ಬಂದು ಒಳಗೆ ಕಾಲಿಟ್ಟರು. ಹೆಬ್ಬೆರಳಿನಿಂದ ಇಂಟರ್‌ಲಾಕ್ ಒತ್ತಿ ನೋಡಿ, "ಗಟ್ಟಿ ಉಂಟು ಮಾರಾಯ್ತಿ. ನಿಂಗೆ ಜಾರೂದಿಲ್ಲ, ಒಳ್ಳೇದಾಯ್ತು" ಎಂದರು. ಮೂಲೆಗೆ ಎಸೆದಿದ್ದ ದಾರವನ್ನು ಸಿಕ್ಕು ಬಿಡಿಸಿ, ಉಂಡೆ ಸುತ್ತಿ, ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು.

"ಇರ್ಲಿ. ಹೂವು ಕಟ್ಟೋಕೆ ಆಗ್ತದೆ."

ಅಲ್ಲಿಗೆ ನಮ್ಮ ಭಾವನವರು ಸರಿಯಾದರು. ಎಷ್ಟು ಸರಿ ಎಂದರೆ, ಕೊಟ್ಟ ದೋಸೆ ತಿಂದರು. ಟಿವಿ ನೋಡಿದರು. ಸರೋಜಕ್ಕ ಬೇಕೆಂದೇ ಎಲ್ಲೆಲ್ಲಿಂದಲೋ ನಡೆದು ಬಂದು, "ರೇಲಿಂಗ್ ಹಾರಿದೆ ಭಾವಯ್ಯ!" ಎಂದರೂ ಬರೀ ನಕ್ಕರು. ಅವಳಿಗೂ ರುಚಿ ಕೆಟ್ಟು, "ಎಂತದೇ ಇದು, ಭಾವಯ್ಯ ಎಲ್ಲರ ಹಾಗೇ ಆಗಿಬಿಟ್ರಲ್ಲ" ಎಂದಳು. ಇದಕ್ಕಲ್ಲವೇ ನಾನು ಹರಕೆ ಹೊತ್ತದ್ದು! ಆದರೂ ದೀಪದ ಮುಂದೆ, 'ಭಾವನವರು ಇವತ್ತು ಏನೂ ಅಳೆಯಲಿಲ್ಲ' ಎಂದು ಬೆರಳು ಮಡಿಸಲು ಹೋದರೆ ಬೆರಳು ಮಡಿಯುತ್ತಿರಲಿಲ್ಲ. ಕ್ಷಮೆ ಕೇಳಬೇಕೆಂದು ಕಾಫಿ ಲೋಟ ಹಿಡಿದು ಎಷ್ಟು ಸಲ ಅವರ ಕೋಣೆಯ ಬಾಗಿಲಿಗೆ ಹೋದೆನೋ. ಪ್ರತಿ ಸಲವೂ ಬಾಯಿಂದ ಬಂದದ್ದು ಒಂದೇ ಮಾತು, "ಸಕ್ಕರೆ ಸಾಕಾ ಭಾವ?"

ಎರಡು ವರ್ಷ ಹೀಗೇ ಹೋಯಿತು. ಮೊನ್ನೆ ದೀಪಾವಳಿ ಕಳೆದ ವಾರ ಗೇಟಿನ ಮುಂದೆ ಒಂದು ಆಟೋ ನಿಂತಿತು. ಮೆಣಸೆಯ ಆಚಾರಿ ಇಳಿದು ಗೋಣಿಯಲ್ಲಿ ಸುತ್ತಿದ ಏನನ್ನೋ ಜೋಪಾನವಾಗಿ ತಂದು ಮೆಟ್ಟಿಲಿಗೆ ಒರಗಿಸಿದ. ಗೋಣಿ ಬಿಚ್ಚಿದರೆ ಹಲಸಿನ ಹಲಗೆ. ಜೇನುತುಪ್ಪದ ಬಣ್ಣ. ಒಂದೇ ತುಂಡು, ಒಂದು ಗೆರೆಯಷ್ಟೂ ಸಂದಿಲ್ಲ.

"ತಡ ಆಯ್ತಮ್ಮ. ಮರ ಹಸಿ ಇತ್ತು. ಒಣಗದೆ ಮಾಡಿದ್ರೆ ಬಿರಿಯೂದು, ಬಿರುಕಿನಲ್ಲಿ ಪುಡಿ ಉದುರ್ತದೆ. ಪುಡಿ ಉದುರ್ಲೇಬಾರ್ದು ಅಂತ ಸಾವಿರ ಸಲ ಹೇಳಿದ್ರು ಅಯ್ಯ."

"ಎಂತ ಪುಡಿ?"

"ರಂಗೋಲಿ ಪುಡಿ. ಡೆಕ್ಕಿನಲ್ಲಿ ಮೆಟ್ಟಿಲ ಬುಡಕ್ಕೆ ಇದು. ನೀವು ಮೆಟ್ಟಿಲ ಮೇಲೆ ಕೂತೇ ಹಾಕ್ಬೇಕಂತೆ, ಬಗ್ಗುವ ಹಾಗಿಲ್ಲಂತೆ. ಮೊದ್ಲು ಇದನ್ನು ಮಾಡು, ಬಾಕಿ ಡೆಕ್ಕು ಆಮೇಲೆ ಅಂದಿದ್ರು." ಅಂಗಳದ ಇಂಟರ್‌ಲಾಕಿನ ಮೇಲೆ ಕಣ್ಣಾಡಿಸುತ್ತಾ ಹಲಗೆಯ ನಾಲ್ಕು ಉದ್ದದ ಕಾಲುಗಳನ್ನು ಆಟೋದಿಂದ ತಂದ. "ಕಾಲು ಮಾತ್ರ ಕೊಯ್ದಿಲ್ಲ. ಎತ್ತರ ಸಿಕ್ಕಲಿಲ್ಲ, ಸಿಕ್ಕಿದ ಮೇಲೆ ಹೇಳ್ತೇನೆ ಅಂದವರು ಹೇಳ್ಲೇ ಇಲ್ಲ."

ಹಲಗೆಯ ಅಡ್ಡಗಲವನ್ನು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಮಾತು ಕೇಳಿ ಭಾವನವರು ಹೊರಗೆ ಬಂದರು. ಹಲಗೆ ನೋಡಿದರು, ನನ್ನ ಮುಖ ನೋಡಿದರು. ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ, "ಡೆಕ್ಕೇ ಇಲ್ದೆ ಇದೆಂತಕೆ ಇನ್ನು? ಒಳಗಿಡು, ಹಪ್ಪಳ ಒತ್ತೋಕೆ ಆಗ್ತದೆ" ಎಂದರು.

"ಹಪ್ಪಳಕ್ಕೆ ಬೇರೆ ಮಣೆ ಉಂಟು. ಇದರ ಕಾಲು ಎಷ್ಟುದ್ದ ಅಂತ ಆಚಾರಿಗೆ ಹೇಳಿ ಭಾವ" ಎಂದೆ.

ಅವರ ಕೈ ಅಂಗಿಯ ಜೇಬಿಗೆ ಹೋಯಿತು. ಜೇಬಿನಲ್ಲಿ ಟೇಪು ಇರಲಿಲ್ಲ. ಎಂದಿನಿಂದ ಇರಲಿಲ್ಲವೋ, ಒಂದೇ ಮನೆಯಲ್ಲಿದ್ದೂ ನಾನು ನೋಡಿರಲಿಲ್ಲ. ಆಚಾರಿ ತನ್ನದನ್ನು ಚಾಚಿದ. ಭಾವನವರು ಮೊದಲಿನಂತೆ ಕುಕ್ಕರುಗಾಲಿನಲ್ಲಿ ಕೂರಲಾರದೆ, ಕೈಯೂರಿ ಮೆಲ್ಲಗೆ ನೆಲಕ್ಕೇ ಕೂತು ಟೇಪಿನ ತುದಿಯನ್ನು ಇಂಟರ್‌ಲಾಕಿಗೆ ಒತ್ತಿ ಹಿಡಿದರು.

"ಕೂತ್ಕೋ. ನೀನು ಕೂರದೆ ಅಳತೆ ಸಿಗೂದಿಲ್ಲ. ಅಂಕಿಯೂ ನೀನೇ ಓದು, ನಂಗೀಗ ಅಷ್ಟು ಸಣ್ಣದು ಕಾಣೂದಿಲ್ಲ."

ಆಚೆ ಬೇಲಿಯ ಮೇಲೆ ಸರೋಜಕ್ಕನ ತಲೆ ಎದ್ದಿತು. ಏಳಲಿ. ನಾನು ಎರಡನೆಯ ಮೆಟ್ಟಿಲ ಮೇಲೆ ಕೂತು, ರಂಗೋಲಿ ಬಿಡುವ ಹಾಗೆ ಕೈ ಚಾಚಿದೆ. ಟೇಪು ಮೇಲೆ ಬಂದು ನನ್ನ ಬೆರಳಿಗೆ ತಾಗಿತು. ಅವರು ಮುಗಿಯಿತು ಎನ್ನುವವರೆಗೂ ಈ ಸಲ ನಾನು ಏಳಲಿಲ್ಲ.