ಕೆಳಕಪಾಟಿನ ಕೆಂಪು ವೈನ್ ಬಾಟಲಿ ಇನ್ನೆಷ್ಟು ಕಾಲ ಮಾಗಬೇಕೆಂಬ ಕುರಿತು

ಹಳೇ ಕಡತಗಳ ಶಾಖೆ
ನೆಲಮಹಡಿ (ಮೆಟ್ಟಿಲ ಕೆಳಗಿನ ಬಾಗಿಲು)
ಸಂಖ್ಯೆ: ಹಕಶಾ/ಬಾಟಲಿ-1/ಮಾಗು/ಅತಿ ತುರ್ತು

ಸುತ್ತೋಲೆ

ವಿಷಯ: ಶಾಖೆಯ ಕೆಳಕಪಾಟಿನಲ್ಲಿ ಅಡ್ಡ ಮಲಗಿರುವ ಒಂದು (ಒಂದೇ) ಕೆಂಪು ವೈನ್ ಬಾಟಲಿಯ ಮಾಗುವಿಕೆ ಅವಧಿಯನ್ನು ನಿಗದಿಪಡಿಸುವ ಬಗ್ಗೆ.

ಉಲ್ಲೇಖ:
1. ಹಿಂದಿನ ಸಾಹೇಬರು ನಿವೃತ್ತಿಯ ದಿನ ಬಾಟಲಿ ಕೊಟ್ಟು ಹೇಳಿದ ಮಾತು: "ಇನ್ನೂ ಎಳಸು. ಮಾಗಿದ ಮೇಲೆ ಎಲ್ಲರೂ ಒಟ್ಟಿಗೆ ಕುಡೀರಿ."
2. ಇದೇ ವಿಷಯದ ಹಿಂದಿನ ಸುತ್ತೋಲೆಗಳು (ಎಲ್ಲವೂ "ಇನ್ನೊಂದು ವರ್ಷ ನೋಡೋಣ" ಎಂದು ಮುಗಿದಿರುತ್ತವೆ).
3. ಕಪಾಟುಗಳ ಉಸ್ತುವಾರಿ ದೊಡ್ಡಕ್ಕನವರು ಬರುವ ಶುಕ್ರವಾರ ನಿವೃತ್ತರಾಗುತ್ತಿರುವುದು.

ಎಷ್ಟು ವರ್ಷ ಮಾಗಬೇಕೆಂದು ಬಾಟಲಿಯ ಮೇಲಿನ ಚೀಟಿಯಲ್ಲಿ ಬರೆದಿಲ್ಲ. ಎಲ್ಲೂ ಬರೆದಿಲ್ಲದ ವಿಷಯಕ್ಕೆ ನೌಕರರ ಸೇವಾ ನಿಯಮವನ್ನೇ ಅನ್ವಯಿಸುವುದು ಈ ಶಾಖೆಯ ಪದ್ಧತಿ. ಅದರಂತೆ ಹತ್ತು ವರ್ಷ ಅಖಂಡ ಸೇವೆ ಸಲ್ಲಿಸಿದ ಬಳಿಕವೇ ಬಾಟಲಿ ಮಾಗಿತೆಂದು ಘೋಷಿಸಲು ತೀರ್ಮಾನಿಸಲಾಗಿತ್ತು. ಒಂಬತ್ತನೇ ವರ್ಷ ಶಾಖೆಯು ಮೇಲಿನ ಮಹಡಿಯಿಂದ ಕೆಳಗಿಳಿಯಿತು. ಅಂದು ಮಧ್ಯಾಹ್ನವಿಡೀ ಬಾಟಲಿಯು ಯಾವ ಕಪಾಟಿಗೂ ಸೇರದೆ ಕೈಗಾಡಿಯಲ್ಲಿ ಇದ್ದಿರಬಹುದೆಂದು ಭಾವಿಸಿ, ಅದರ ಸೇವೆ ತುಂಡಾಯಿತೆಂದು ನಮೂದಿಸಿ, ಎಣಿಕೆಯನ್ನು ಸೊನ್ನೆಯಿಂದ ಮತ್ತೆ ಆರಂಭಿಸಲಾಯಿತು. ಹೊಸ ಎಣಿಕೆಯಂತೆ ಈಗಿನ್ನೂ ಆರನೇ ವರ್ಷ ನಡೆಯುತ್ತಿದೆ.

ಸೇವೆಯಲ್ಲಿ ಇರುವವರಿಗೆ ಮಾತ್ರ ಗುಟುಕು ಎಂಬ ನಿಯಮವೂ ಇರುವುದರಿಂದ, ಬಾಟಲಿಯನ್ನು ತಮ್ಮ ಹಳೇ ಶಾಲಿನಲ್ಲಿ ಸುತ್ತಿ, ಬಿಸಿಲು ತಾಗದಂತೆ ಇಷ್ಟು ವರ್ಷ ಕಾಪಾಡಿದ ದೊಡ್ಡಕ್ಕನವರಿಗೆ ಒಂದು ತೊಟ್ಟೂ ಸಿಗದ ಪರಿಸ್ಥಿತಿ ಉದ್ಭವಿಸಿರುತ್ತದೆ. "ಅದು ಮಾಗೋದ್ರೊಳಗೆ ನಾನೇ ಹಣ್ಣಾಗಿ ಉದುರಿದೆ ಬಿಡಿ" ಎಂದು ಅವರು ನಕ್ಕಿದ್ದನ್ನು ದಾಖಲಿಸಲಾಗಿದೆ. ನಕ್ಕಿದ್ದು ಅವರೊಬ್ಬರೇ ಎಂಬುದನ್ನೂ ದಾಖಲಿಸಲಾಗಿದೆ.

ಈ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ:

1. ಬಾಟಲಿಯನ್ನು ಬೆಳಕಿಗೆ ಹಿಡಿದು "ಬಣ್ಣ ಬಂದಿದೆ" ಎನ್ನುವುದನ್ನು ನಿಷೇಧಿಸಲಾಗಿದೆ. ಅದು ಗಾಜಿನ ಬಣ್ಣ.

2. ಮುಚ್ಚಳ ಮೂಸಿ "ಹಳೇ ಚರ್ಮದ ಪರಿಮಳ ಬಂತು, ಮಾಗಿದೆ" ಎಂದು ವರದಿ ಸಲ್ಲಿಸಿದ ಗುಮಾಸ್ತರು, ಅದೇ ಕಪಾಟಿನಲ್ಲಿ ತಾವು ಬಿಡುವ ಚಪ್ಪಲಿಯನ್ನು ಮೊದಲು ತೆರವುಗೊಳಿಸತಕ್ಕದ್ದು.

3. ಬಾಟಲಿ ಅಲುಗಿದರೆ ತಳದ ಗಸಿ ಏಳುತ್ತದೆ. ಸೀನು ಬಂದವರು ಲೆಕ್ಕಪತ್ರ ಶಾಖೆಗೆ ಹೋಗಿ ಸೀನಿ ಬರುವುದು.

4. ಬಾಟಲಿ ಭಾನುವಾರವೂ ಮಾಗುತ್ತದೆಯೇ ಎಂದು ಕೇಳಲಾಗಿದೆ. ಮಾಗುತ್ತದೆ. ಭತ್ಯೆ ಇರುವುದಿಲ್ಲ.

5. ಒಂದು ಹನಿ ರುಚಿ ನೋಡಿ ನಿರ್ಧರಿಸಬಹುದೆಂಬ ಸಲಹೆ ಬಂದಿದೆ. ರುಚಿ ನೋಡಲು ತೆರೆಯಬೇಕು, ತೆರೆಯಲು ಮಾಗಿರಬೇಕು, ಮಾಗಿದೆ ಎನ್ನಲು ರುಚಿ ನೋಡಬೇಕು. ಈ ಸಲಹೆಯು ಎಲ್ಲರ ಮೇಜು ಸುತ್ತಿ ಕೆಳಗೆ ಸಹಿ ಮಾಡಿದವರ ಮೇಜಿಗೇ ವಾಪಸ್ ಬಂದಿರುತ್ತದೆ. ಅಯ್ಯೋ, ಸಾಕಾಗಿ ಹೋಗಿರುತ್ತದೆ.

6. ಅಷ್ಟರಲ್ಲಿ, ಅಂದು ಕೈಗಾಡಿ ತಳ್ಳಿದ್ದ ನಮ್ಮ ಗಡಿಬಿಡಿ ಟೈಪಿಸ್ಟರು, ಈ ಸುತ್ತೋಲೆಯನ್ನು ಟೈಪು ಮಾಡುತ್ತಾ ಇಲ್ಲಿಗೆ ಬಂದಾಗ ಬೆರಳು ನಿಲ್ಲಿಸಿ ಹೀಗೆ ಹೇಳಿಕೆ ನೀಡಿರುತ್ತಾರೆ: "ಯಾವ ಗಾಡಿ ಸಾರ್? ದೊಡ್ಡಕ್ಕ ಇಡೋಕೇ ಬಿಡ್ಲಿಲ್ಲ. ಕೂಸು ಎತ್ಕೊಂಡ ಹಾಗೆ ಎತ್ಕೊಂಡು ಮೆಟ್ಟಿಲು ಇಳಿದ್ರು. ಕಪಾಟು ಬರೋವರೆಗೂ ಮಡಿಲಲ್ಲೇ ಇಟ್ಕೊಂಡು ಕೂತಿದ್ರು."

7. ಈ ಬಗ್ಗೆ ದೊಡ್ಡಕ್ಕನವರನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಶಾಖೆಗೆ ನಾಚಿಕೆಯಾಗಿರುತ್ತದೆ.

8. ಸದರಿ ಮಡಿಲನ್ನು ಶಾಖೆಯ ಅಧಿಕೃತ ಕಪಾಟೆಂದು ಪರಿಗಣಿಸಿ ಆದೇಶಿಸಲಾಗಿದೆ. ಸೇವೆ ತುಂಡಾಗಿರುವುದಿಲ್ಲ. ಬಾಟಲಿ ಯಾವತ್ತೋ ಮಾಗಿರುತ್ತದೆ.

9. ಶುಕ್ರವಾರ ಊಟದ ನಂತರ, ದೊಡ್ಡಕ್ಕನವರು ಕಪಾಟಿನ ಬೀಗದ ಕೈ ಒಪ್ಪಿಸುವ ಮೊದಲೇ, ಬಾಟಲಿ ತೆರೆಯತಕ್ಕದ್ದು. ಮೊದಲ ಲೋಟ ಅವರದು. "ಇನ್ನೊಂದು ವರ್ಷ" ಎಂದು ಬಾಯಿ ಬಿಟ್ಟವರ ಲೋಟವನ್ನು ಮುಟ್ಟುಗೋಲು ಹಾಕಿಕೊಳ್ಳಲಾಗುವುದು.

10. ವೈನ್ ಹುಳಿಯಾಗಿದ್ದರೂ ಯಾರೂ ಮುಖ ಕಿವುಚತಕ್ಕದ್ದಲ್ಲ. ಯಾರ ಕಣ್ಣಲ್ಲಾದರೂ ನೀರು ಬಂದರೆ ಅದನ್ನು ಹುಳಿಯ ಲೆಕ್ಕಕ್ಕೆ ಬರೆಯತಕ್ಕದ್ದು.

ಸಹಿ/-
ಶಾಖಾಧಿಕಾರಿ
ಹಳೇ ಕಡತಗಳ ಶಾಖೆ

ಪ್ರತಿಗಳು:
1. ಲೆಕ್ಕಪತ್ರ ಶಾಖೆಗೆ: ಮಾಹಿತಿಗಾಗಿ ಮಾತ್ರ. ಇದು ಆಹ್ವಾನವಲ್ಲ. ಕಾರ್ಕ್ ತೆಗೆಯುವ ತಿರುಪು ನಿಮ್ಮಲ್ಲಿದ್ದರೆ ಆಹ್ವಾನ.
2. ಗಡಿಬಿಡಿ ಟೈಪಿಸ್ಟರಿಗೆ: ಮೊದಲೇ ಹೇಳೋಕೆ ಏನಾಗಿತ್ತು ಎಂಬುದಕ್ಕೆ ವಿವರಣೆ ಕೋರಿ.
3. ಗುಮಾಸ್ತರಿಗೆ: ಚಪ್ಪಲಿ ಸಹಿತ.
4. ದೊಡ್ಡಕ್ಕನವರಿಗೆ, ಖುದ್ದಾಗಿ: ಶಾಲನ್ನು ಮನೆಗೆ ಒಯ್ಯದಿರಲು ಕೋರಲಾಗಿದೆ. ಕಪಾಟು ತೀರಾ ಖಾಲಿ ಕಾಣುತ್ತದೆ.