ಕತ್ತಲೆ ಗುಮಾಸ್ತರ ಪಟ್ಟಿ

ಇಂಜಿನಿಯರ್ ಸಾಹೇಬರು ಕಳಿಸಿದ ಚೀಟಿ ಅಂಗೈ ಅಗಲವೂ ಇರಲಿಲ್ಲ. ಅದನ್ನು ಓದಿದ್ದೇ ತಡ, ಕತ್ತಲೆ ಗುಮಾಸ್ತರ ಮುಖ ಮೂರು ದಿನ ಬುಟ್ಟಿಯಲ್ಲೇ ಉಳಿದ ಬದನೆಕಾಯಿಯಂತಾಯಿತು.

'ನಾಲ್ಕನೇ ಲೈನು, ಇಂದು ಸಂಜೆ ಏಳರಿಂದ ಒಂಬತ್ತು. ಏಳನೇ ಲೈನು, ನಾಳೆ ಬೆಳಿಗ್ಗೆ ಹತ್ತರಿಂದ ಹನ್ನೆರಡು.'

ವಿದ್ಯುತ್ ಕಚೇರಿಯಲ್ಲಿ ಅವರ ಕೆಲಸವೇ ಅದು. ದಿನಾ ಬೆಳಿಗ್ಗೆ ಬಂದ ಚೀಟಿ ನೋಡಿ, ಯಾವ ಬೀದಿಗಳಿಗೆ ಎಷ್ಟು ಹೊತ್ತು ಕರೆಂಟಿಲ್ಲ ಎಂದು ಪಟ್ಟಿ ಬರೆಯುವುದು, ಸಾಹೇಬರ ಸಹಿ ಹಾಕಿಸುವುದು, ಒಂದು ಪ್ರತಿ ಲೈನ್‌ಮನ್ ಕೈಗೆ ಕೊಟ್ಟು ಇನ್ನೊಂದನ್ನು ಹೊರಗಿನ ಹಲಗೆಗೆ ಅಂಟಿಸುವುದು. ಯಾಕೆ ತೆಗೆಯುತ್ತಾರೆಂದು ಚೀಟಿಯಲ್ಲಿ ಇರುತ್ತಿರಲಿಲ್ಲ. ಹದಿನೆಂಟು ವರ್ಷದಲ್ಲಿ ಅವರೂ ಕೇಳಿದವರಲ್ಲ. ಊರಿಗೆ ಕತ್ತಲೆ ಹಂಚಿ ಹಂಚಿ ಆ ಹೆಸರು ಅಂಟಿಕೊಂಡಿತ್ತು. ಸ್ವಂತ ಹೆಸರು ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು.

ನಾಲ್ಕನೇ ಲೈನಿನಲ್ಲಿ ಅವರ ಮನೆಯಿತ್ತು. ಇವತ್ತು ಸಂಜೆ 'ಏಳೂವರೆಯದರ' ಕೊನೆಯ ಕಂತು.

ಆ ಧಾರಾವಾಹಿಗೆ ಏನೋ ಉದ್ದದ ಹೆಸರಿತ್ತು, ಊರೆಲ್ಲ 'ಏಳೂವರೆಯದು' ಎಂದೇ ಕರೆಯುತ್ತಿತ್ತು. ಮೊದಲನೇ ವಾರದಲ್ಲಿ ಅದರ ನಾಯಕಿಯ ಗಂಡ, "ಕೊಡೆ ರಿಪೇರಿ ಮಾಡಿಸ್ಕೊಂಡು ಈಗ ಬಂದೆ" ಎಂದು ಹೋದವನು ಒಂಬತ್ತು ವರ್ಷವಾದರೂ ಬಂದಿರಲಿಲ್ಲ. ಗುಮಾಸ್ತರೂ ಅವರ ಹೆಂಡತಿಯೂ ಒಂದು ದಿನ ತಪ್ಪದೆ ಅವನಿಗಾಗಿ ಕಾದರು.

"ಬರ್ತಾನೆ, ನೋಡ್ತಿರಿ" ಎನ್ನುತ್ತಿದ್ದರು ಹೆಂಡತಿ. "ಹೋಗುವಾಗ ತಿರುಗಿ ನೋಡಿದ್ದಾನೆ."

"ಇಷ್ಟು ವರ್ಷ ಯಾವ ಅಂಗಡೀಲಿ ಕೊಡೆ ರಿಪೇರಿ ಮಾಡ್ತಾರೆ? ಬರಲ್ಲ."

"ಬಂದ್ರೆ?"

"ಬಂದ್ರೆ 'ನೀನು ಹೇಳಿದ್ದೇ ಸರಿ' ಅಂತೀನಿ."

ಮೂವತ್ತೊಂದು ವರ್ಷದ ಸಂಸಾರದಲ್ಲಿ ಒಮ್ಮೆಯೂ ಅವರ ಬಾಯಿಂದ ಬಾರದ ಮಾತು ಅದು. ಕೇಳಬೇಕಾದ ಹೆಂಡತಿ ಹದಿನಾಲ್ಕು ತಿಂಗಳ ಹಿಂದೆ, ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟರು. ಅಂದಿನಿಂದ ಗುಮಾಸ್ತರು ಪಕ್ಕದ ಖಾಲಿ ಬೆತ್ತದ ಕುರ್ಚಿಯ ಜೊತೆ ಕೂತು ಒಬ್ಬರೇ ನೋಡುತ್ತಿದ್ದರು. ಆ ಗಂಡ ಬರಲಿ ದೇವರೇ, ನಾನು ಸೋಲುವಂತಾಗಲಿ ಎಂದು ಅವರಷ್ಟು ಹಂಬಲಿಸಿದವರು ಯಾರೂ ಇರಲಾರರು.

ಕಚೇರಿಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಟೈಪಿಸ್ಟಮ್ಮ ಕಥೆ ತೆಗೆದಾಗಲೆಲ್ಲ, "ಅಯ್ಯೋ, ಕೆಲಸವಿಲ್ಲದವರು ನೋಡೋದಮ್ಮ ಅದನ್ನೆಲ್ಲ" ಎಂದು ಮೂಗು ಮುರಿದು, ಕಿವಿ ಮಾತ್ರ ಅತ್ತಲೇ ಇಟ್ಟಿರುತ್ತಿದ್ದರು. ಈಗ ಯಾರ ಮನೆಗೆ ಹೋಗಿ, ಯಾವ ಮುಖ ಹೊತ್ತು, "ಸ್ವಲ್ಪ ಟಿ.ವಿ. ನೋಡ್ಲಾ?" ಎನ್ನುವುದು?

ಪೆನ್ನು ತೆಗೆದರು. ಪಟ್ಟಿಯಲ್ಲಿ ನಾಲ್ಕು ಇರಬೇಕಾದಲ್ಲಿ ಏಳು ಬರೆದರು, ಏಳು ಇರಬೇಕಾದಲ್ಲಿ ನಾಲ್ಕು. ಯಾರ ಗಂಟೇನು ಹೋಯಿತು? ಇಂದಿನದು ನಾಳೆ, ನಾಳೆಯದು ಇಂದು.

ಸಾಹೇಬರು ಫೋನಿನಲ್ಲಿ ಯಾರಿಗೋ ಬೈಯುತ್ತಲೇ ಸಹಿ ಹಾಕಿದರು. ಹಾಕಿ, ಫೋನಿಗೆ ಕೈ ಅಡ್ಡ ಹಿಡಿದು, "ಯಾಕ್ರೀ, ಮುಖ ಸಪ್ಪಗಿದೆ? ಊಟ ಸರಿಯಾಗಿ ಮಾಡ್ತಿದ್ದೀರಿ ತಾನೇ?" ಎಂದರು. ಗುಮಾಸ್ತರು ತಲೆಯಾಡಿಸಿ, ಪಟ್ಟಿ ಎತ್ತಿಕೊಂಡು ಹೊರಬಂದರು. ಬೈದಿದ್ದರೇ ಚೆನ್ನಾಗಿತ್ತು.

ಪಟ್ಟಿ ಹಲಗೆಗೆ ಹತ್ತಿದ ಐದು ನಿಮಿಷಕ್ಕೆ ಟೈಪಿಸ್ಟಮ್ಮನ ಮಿಷನ್ನು ಸದ್ದು ನಿಲ್ಲಿಸಿತು.

"ಸಾರ್! ಏಳನೇ ಲೈನು ಇವತ್ತು ಸಂಜೇನಾ? ನಮ್ಮ ಅತ್ತೆಗೆ ಏನು ಹೇಳ್ಲಿ ನಾನು? ಒಂದು ವಾರದಿಂದ ಬೆರಳು ಎಣಿಸ್ತಿದ್ದಾರೆ!"

"ಸಾಹೇಬರ ಸಹಿ ಇದೆಯಲ್ಲಮ್ಮ" ಎಂದರು ಗುಮಾಸ್ತರು, ಕಾಗದಗಳ ಮರೆಯಿಂದ.

"ನಿಮ್ದು ನಾಲ್ಕನೇ ಲೈನು ಅಲ್ವಾ? ಕರೆಂಟಿರುತ್ತೆ. ಅತ್ತೇನ ನಿಮ್ಮ ಮನೆಗೇ ಕರ್ಕೊಂಡು ಬರ್ತೀನಿ. ನೀವು ಧಾರಾವಾಹಿ ನೋಡಲ್ಲ, ಗೊತ್ತು. ಒಂದರ್ಧ ಗಂಟೆ ಹೊರಗೆ ಜಗಲಿ ಮೇಲೆ ಗಾಳಿ ತಗೊಳ್ಳಿ ಸಾರ್, ಪ್ಲೀಸ್."

ಗುಮಾಸ್ತರ ಗಂಟಲಿಂದ ಹೊರಟ ಸದ್ದನ್ನು ಆಕೆ ಒಪ್ಪಿಗೆ ಎಂದುಕೊಂಡರು.

ಆರೂವರೆಗೆ ಟೈಪಿಸ್ಟಮ್ಮ, ಅತ್ತೆಯ ತೋಳು ಹಿಡಿದು ಬಂದರು. ಹಿಂದೆ ಅವರ ಬೀದಿಯ ರಿಟೈರ್ಡ್ ಮೇಷ್ಟ್ರು, ಅವರ ಹಿಂದೆ ಬೀದಿಯ ಇನ್ನೂ ಹನ್ನೊಂದು ಮಂದಿ. ಎಲ್ಲರ ಕಂಕುಳಲ್ಲೂ ಒಂದೊಂದು ಚಾಪೆ. ಗುಮಾಸ್ತರ ಮನೆ ರೈಲ್ವೆ ಸ್ಟೇಷನ್ನಿನಂತಾಯಿತು.

"ಪುಣ್ಯಾತ್ಮರು ನೀವು" ಎಂದು ಮೇಷ್ಟ್ರು ಕೈ ಹಿಡಿದುಕೊಂಡರು. "ನಮ್ಮ ಬೀದಿಗೆ ಇವತ್ತೇ ಕತ್ತಲೆ ಹಾಕಿದ ಆ ಕಡುಪಾಪಿ ಯಾರೋ ಗೊತ್ತಿಲ್ಲ, ಅವನ ನಾಲಿಗೆ ಸೇದಿಹೋಗ."

ಗುಮಾಸ್ತರು ನಾಲಿಗೆಯನ್ನು ಹಲ್ಲಿನ ಹಿಂದೆ ಭದ್ರವಾಗಿ ಇಟ್ಟುಕೊಂಡರು.

ಅತ್ತೆ ನೇರ ಬೆತ್ತದ ಕುರ್ಚಿಯತ್ತ ನಡೆದಿದ್ದರು. ಟೈಪಿಸ್ಟಮ್ಮ ಗೋಡೆಯ ಫೋಟೋ ನೋಡಿದರು, ಕುರ್ಚಿ ನೋಡಿದರು, ಸದ್ದಿಲ್ಲದೆ ಅತ್ತೆಯನ್ನು ಮಂಚದ ಕಡೆ ತಿರುಗಿಸಿದರು. ಅಷ್ಟು ಜನರ ನೂಕುನುಗ್ಗಲಿನಲ್ಲೂ ಆ ಕುರ್ಚಿಯನ್ನು ಯಾರೂ ಮುಟ್ಟಲಿಲ್ಲ.

"ಸಾರ್, ಜಗಲಿ..." ಎಂದು ಟೈಪಿಸ್ಟಮ್ಮ ನೆನಪಿಸಿದರು.

"ಇರ್ಲಿ ಬಿಡಮ್ಮ, ಹೊರಗೆ ಸೊಳ್ಳೆ" ಎಂದು ಗುಮಾಸ್ತರು ಬಾಗಿಲ ಹತ್ತಿರ ಮುದುರಿ ಕೂತರು. ಅವರದೇ ಮನೆಯಲ್ಲಿ ಅವರಿಗೆ ಸಿಕ್ಕಿದ್ದು ಚಪ್ಪಲಿಗಳ ಪಕ್ಕದ ಜಾಗ.

ಏಳು ಹೊಡೆಯಿತು. ದೂರದಲ್ಲಿ ಏಳನೇ ಲೈನಿನ ಬೀದಿಗಳು ಕಣ್ಣು ಮುಚ್ಚಿದವು. ಅದೇ ಕ್ಷಣ ಇಲ್ಲಿ ಟಿ.ವಿ. ಪರದೆಯ ತುಂಬ ಬಿಳಿ ಇರುವೆ ಮುತ್ತಿದವು.

"ತಂತಿ ಅಲ್ಲಾಡ್ಸಿ!" ಎಂದರು ಯಾರೋ. ತಂತಿ ಅಲ್ಲಾಡಿಸಿದರು. ಮೇಷ್ಟ್ರು ದಡ್ಡ ಹುಡುಗನಿಗೆ ಮೊಟಕುವಂತೆ ಟಿ.ವಿ.ಯ ತಲೆಗೆ ಎರಡು ಮೊಟಕಿದರು. ಇರುವೆಗಳು ಇನ್ನಷ್ಟು ದಪ್ಪವಾದವು. ಏಳು ಕಾಲು. ಏಳು ಇಪ್ಪತ್ತು. ಪಕ್ಕದ ಮನೆಯಲ್ಲೂ ಇರುವೆ, ಎದುರು ಮನೆಯಲ್ಲೂ ಇರುವೆ.

ಏಳೂವರೆಗೆ ಸರಿಯಾಗಿ ಕೇಬಲ್‌ನವನು ಏದುಸಿರು ಬಿಡುತ್ತ ಒಳಗೆ ನುಗ್ಗಿದ.

"ಸಾರ್, ಏಳನೇ ಲೈನು ಯಾಕೆ ತೆಗೆದ್ರಿ? ನಮ್ಮ ಕಂಟ್ರೋಲ್ ರೂಮು ಅಲ್ಲೇ ಇರೋದು! ಇಡೀ ಊರಿಗೆ ಅಲ್ಲಿಂದಲೇ ಕೇಬಲ್ಲು. ನಾಳೆ ಹತ್ತಕ್ಕೆ ತೆಗೀತೀವಿ ಅಂತ ನಿಮ್ಮ ಸಾಹೇಬರೇ ನಿನ್ನೆ ಹೇಳಿದ್ರು. ಅದಕ್ಕೇ ಜನರೇಟರು ರಿಪೇರಿಗೆ ಕೊಟ್ಟಿದ್ದೀನಿ, ಬರೋದು ನಾಳೆ ಬೆಳಿಗ್ಗೆ. ಇವತ್ತು ತೆಗೀಬೇಕಾಗಿದ್ದು ಈ ನಾಲ್ಕನೇ ಲೈನು ಅಲ್ವಾ?"

ಹದಿನಾಲ್ಕು ತಲೆಗಳು ಒಟ್ಟಿಗೆ ಬಾಗಿಲ ಕಡೆ ತಿರುಗಿದವು.

"ನಾನೇ ಬದಲಾಯಿಸ್ದೆ" ಎಂದರು ಗುಮಾಸ್ತರು, ಚಪ್ಪಲಿಗಳಿಗೆ ಹೇಳುವಂತೆ. "ಆ ಗಂಡ ಬರ್ತಾನೆ ಅಂತ ಇವಳು ಹೇಳ್ತಿದ್ಲು. ಬಂದಿದ್ರೆ ಇವಳಿಗೆ ಒಂದು ಮಾತು ಹೇಳೋದು ಬಾಕಿ ಇತ್ತು. ಅದಕ್ಕೆ."

ಮೇಷ್ಟ್ರು ಬಾಯಿ ತೆರೆದವರು, ಫೋಟೋ ನೋಡಿ ಮುಚ್ಚಿಕೊಂಡರು. ಟೈಪಿಸ್ಟಮ್ಮ ಕಣ್ಣೊರೆಸಿಕೊಂಡರು.

"ಒಂದು ಮಾತು ಹೇಳಬಾರದಿತ್ತಾ ಸಾರ್? ಪಟ್ಟಿ ಇದ್ದ ಹಾಗೇ ಇದ್ದಿದ್ರೆ ನಮ್ಮನೇಲಿ ಕರೆಂಟು ಇರ್ತಿತ್ತು, ಕೇಬಲ್ಲೂ ಇರ್ತಿತ್ತು. ಅತ್ತೆ ಪಕ್ಕದಲ್ಲೇ ಕೂರಿಸ್ತಿದ್ದೆ ನಿಮ್ಮನ್ನ."

ಇದಕ್ಕಿಂತ ಮೇಷ್ಟ್ರ ಶಾಪವೇ ಹಗುರವಾಗಿತ್ತು.

ಅತ್ತೆ ಮಂಚದಿಂದಲೇ ತೀರ್ಪು ಕೊಟ್ಟರು. "ಹೋಗ್ಲಿ ಬಿಡಪ್ಪ. ನಾಳೆ ಬೆಳಿಗ್ಗೆ ಹತ್ತೂವರೆಗೆ ಇದನ್ನೇ ಮತ್ತೆ ಹಾಕ್ತಾರೆ. ನಾಳೆ ನಿಮ್ಮ ಲೈನು ಇರಲ್ಲ ತಾನೇ? ನಮ್ಮನೆಗೆ ಬಾ. ಅಲ್ಲಿಂದಲೇ ಹೇಳು ನಿನ್ನ ಹೆಂಡ್ತಿಗೆ, ಕೇಳಿಸುತ್ತೆ ಅವಳಿಗೆ."

ಗುಮಾಸ್ತರ ಮುಖದಲ್ಲಿ ಬೆಳಗಿನಿಂದ ಮೊದಲ ಬಾರಿ ಒಂದಿಷ್ಟು ರಕ್ತ ಆಡಿತು. "ಅರ್ಧ ದಿನ ರಜೆ ಹಾಕ್ತೀನಿ" ಎಂದು ಏಳುವಷ್ಟರಲ್ಲಿ ಹೊಸ್ತಿಲಲ್ಲಿ ಲೈನ್‌ಮನ್ ನಿಂತಿದ್ದ. ಮೈಯೆಲ್ಲ ಎಲೆ, ಮೊಣಕೈಯಲ್ಲಿ ತರಚಿದ ಗಾಯ, ಕೈಯಲ್ಲಿ ಗರಗಸ.

"ಸಾರ್, ಏಳನೇ ಲೈನಲ್ಲಿ ಇದ್ದಿದ್ದು ತಂತಿಗೆ ತಾಗೋ ಮರದ ಕೊಂಬೆ ಕಡಿಯೋ ಕೆಲಸ. ಕತ್ತಲಲ್ಲಿ ಮರ ಹತ್ತಿ, ನಾನು ಕೂತ ಕೊಂಬೆಯನ್ನೇ ಕಡಿದೆ. ಅದು ಬಿದ್ದು ತಂತಿ ಹರೀತು, ಒಂಬತ್ತಕ್ಕೆ ಮುಂಚೆ ಕರೆಂಟು ಬರಲ್ಲ. ಸಾಹೇಬರಿಗೆ ಎಲ್ಲ ಗೊತ್ತಾಯ್ತು. ಇವತ್ತಿಗೆ ಸಾಕು, ನಾಳೆ ಹತ್ತರಿಂದ ಹನ್ನೆರಡು ಎರಡೂ ಲೈನು ಒಟ್ಟಿಗೆ ಅಂದ್ರು. ನಾಲ್ಕೂ, ಏಳೂ. ಪಟ್ಟಿ ಈಗಲೇ ಬರ್ಕೊಡಬೇಕಂತೆ."

"ನಾಳೆ ನಾನು ರಜೆ..."

"ರಜೆ ಇಲ್ವಂತೆ ಸಾರ್. ಹತ್ತರಿಂದ ಹನ್ನೆರಡರ ತನಕ ಹಲಗೆ ಮುಂದೆ ನೀವೇ ನಿಂತು, ಬಂದವರಿಗೆಲ್ಲ ಕರೆಂಟು ಯಾಕೆ ತೆಗೆದಿದ್ದೀವಿ ಅಂತ ಹೇಳ್ಬೇಕಂತೆ."

ಅತ್ತೆ ಕೈ ಚಾಚಿ ಟಿ.ವಿ. ಆರಿಸಿದರು. ಟೈಪಿಸ್ಟಮ್ಮ ತಮ್ಮ ಚೀಲದಿಂದ ಬಿಳಿ ಹಾಳೆ ತೆಗೆದು, ಅದರ ಕೆಳಗೆ ಒಂದು ಪುಸ್ತಕ ಇಟ್ಟು ಕೊಟ್ಟರು. ಗುಮಾಸ್ತರು ಚಪ್ಪಲಿಗಳ ನಡುವೆಯೇ ಕೂತು, ದುಂಡಗಿನ ಅಕ್ಷರದಲ್ಲಿ ಪಟ್ಟಿ ಬರೆಯತೊಡಗಿದರು. ತಲೆಯ ಮೇಲೆ ದೀಪ ಝಗಝಗ ಉರಿಯುತ್ತಿತ್ತು. ಬರೆಯುವುದಕ್ಕೆ ಬೆಳಕಿಗೇನೂ ಕೊರತೆಯಿರಲಿಲ್ಲ.