ಕಾಯಿ ನೀರು ಕುಡಿದ ಬ್ಯಾಟರಿ

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಸಿದ್ದಲಿಂಗೇಶನ ಎಲೆಕ್ಟ್ರಿಕ್ ಸ್ಕೂಟರ್ ಕೀಲಿ ತಿರುಗಿಸಿದರೂ ಕಣ್ಣು ಬಿಡಲಿಲ್ಲ. ಬೆಳಕಿಲ್ಲ, ಸದ್ದಿಲ್ಲ. ಉತ್ತರ ಬರದ ಹುಡುಗನಂತೆ ಅಂಗಳದಲ್ಲಿ ಸುಮ್ಮನೆ ನಿಂತಿತ್ತು.

ಬೇರೆ ದಿನವಾಗಿದ್ದರೆ ಅವನು ಗುಮಾಸ್ತನಾಗಿದ್ದ ಮಸ್ಕಿಯ ಗೊಬ್ಬರದಂಗಡಿಗೆ ನಡೆದೇ ಹೋಗುತ್ತಿದ್ದ. ಆದರೆ ಇವತ್ತು ನಾಲ್ಕರ ಬಸ್ಸಿಗೆ ಪಾಮನಕಲ್ಲೂರಿನಿಂದ ಮಾವ ಅಮರಗುಂಡಪ್ಪ ಬರುವವನಿದ್ದ. ಮದುವೆಯಲ್ಲಿ ಮಾವ ಕೊಟ್ಟ ಬೈಕನ್ನು ಹೋದ ತಿಂಗಳು ಲಿಂಗಸೂಗೂರಿನ ಅಂಗಡಿಯೊಂದಕ್ಕೆ ಒಪ್ಪಿಸಿ, ಅದರ ಬದಲಿಗೆ ಈ ಸ್ಕೂಟರ್ ತಂದಿದ್ದ. ಮಾವನಿಗೆ ಫೋನಿನಲ್ಲಿ ಹೇಳಿದ್ದು ಅರ್ಧ ಸುದ್ದಿ: "ಹೊಸ ಗಾಡಿ ತಗೊಂಡೀನಿ." ಉಳಿದರ್ಧವನ್ನು, ಮಾವನನ್ನು ಸ್ಕೂಟರಿನ ಮೇಲೆ ಊರು ಸುತ್ತಿಸಿ, ಅವನ ಮುಖ ಅರಳಿದ ಗಳಿಗೆ ನೋಡಿ ಹೇಳಬೇಕೆಂದಿದ್ದ.

"ಅಪ್ಪ ಬೈಕ್ ಎಲ್ಲಿ ಅಂತ ಕೇಳಿದ್ರ ನಾ ಏನೂ ಹೇಳಂಗಿಲ್ಲ, ಮೊದಲ ಹೇಳೀನಿ," ಎಂದಳು ಹೆಂಡತಿ ಶಿವಕುಮಾರಿ.

ಮೊಬೈಲು, ಬ್ಯಾಟರಿ ರಿಪೇರಿ ಮಾಡುವ ಹುಸೇನಬಾಷಾ ಮೀಟರ್ ಹಿಡಿದು ಬಂದ. ಬ್ಯಾಟರಿಯ ಹೊಟ್ಟೆ ಬಿಚ್ಚಿ ಒಳಗಿನ ಹದಿನಾರು ಸೆಲ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಎಲ್ಲದರಲ್ಲೂ ಕರೆಂಟು ಇತ್ತು, ಹೊರಬಾಯಿಯಲ್ಲಿ ಮಾತ್ರ ಸೊನ್ನೆ.

"ಎತ್ತು ಗಟ್ಟಿ ಅದಾವ, ನೊಗ ಮುರದೈತಿ," ಎಂದು ಸೆಲ್‌ಗಳನ್ನು ಕಾಯುವ ಹಸಿರು ಹಲಗೆಯನ್ನು ತೋರಿಸಿದ. "ಇದಕ್ಕ ಬಿಎಂಎಸ್ ಅಂತಾರ. ಸುಟ್ಟೈತಿ." ಹಲಗೆಯ ಮೂಲೆ ಕರ್ರಗಾಗಿತ್ತು. ಅದರ ಮೇಲೆ ಅಂಟು, ಅಂಟಿನ ಮೇಲೆ ಇರುವೆಗಳ ಸಾಲು. ಹುಸೇನಬಾಷಾ ಮೂಸಿ ನೋಡಿದ. "ಅರೇ, ಬ್ಯಾಟರಿಗೆ ಕಾಯಿ ನೀರು ಕುಡಿಸಿದವರು ಯಾರು?"

"ನಾನ," ಎಂದಳು ಶಿವಕುಮಾರಿ. "ನಿನ್ನಿ ಅಮಾಸಿ ಪೂಜಾ. ಬೈಕಿಗಾದ್ರ ಗಾಲಿ ಮುಂದ ಕಾಯಿ ಒಡೀತಿದ್ದೆ. ಇದರ ಜೀವ ಬ್ಯಾಟರ್ಯಾಗ ಐತಿ ಅಂತ ಇವರ ಹೇಳಿದ್ರು. ಪೂಜಾ ಜೀವ ಇದ್ದಲ್ಲೇ ಮಾಡಬೇಕಲ್ಲೇನ್ರಿ? ಸೀಟ್ ಎತ್ತಿ ಒಡದೆ."



ಹುಸೇನಬಾಷಾ ಸಿಂಧನೂರಿಗೆ ಫೋನು ಹಚ್ಚಿದ. ಹೊಸ ಹಲಗೆ ಪೇಪರಿನಲ್ಲಿ ಸುತ್ತಿಸಿಕೊಂಡು, ಕಂಡಕ್ಟರನ ಕೈಯಲ್ಲಿ ಒಂದು ಗಂಟೆಯ ಬಸ್ಸಿಗೆ ಬಂತು. ಅಷ್ಟರಲ್ಲಿ ಅವನು ಹಳೆಯದನ್ನು ಬಿಚ್ಚಿ, ಹದಿನೇಳು ಸಣ್ಣ ವೈರುಗಳಿಗೆ ನಂಬರಿನ ಚೀಟಿ ಅಂಟಿಸಿದ್ದ. "ಒಂದು ಹಿಂದ ಮುಂದ ಆದ್ರ ಹೊಸದೂ ಖಲಾಸ್," ಎಂದು ಎಚ್ಚರಿಸಿ ಚಹಾಕ್ಕೆ ಹೋದ. ಸುಟ್ಟ ಹಲಗೆಯನ್ನು ಸಿದ್ದಲಿಂಗೇಶ ಜೇಬಿಗಿಳಿಸಿ, ಸ್ಕ್ರೂ ತರಲು ಓಡಿದ.

ಇಬ್ಬರೂ ಮರಳಿದಾಗ ಪಕ್ಕದ ಮನೆಯ ಅಂಬಮ್ಮ ಬ್ಯಾಟರಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. "ಎಣ್ಣಿ ಕಾಣದ ತಲಿ ಹಂಗ ಹರವಿಕೊಂಡು ಬಿದ್ದಿದ್ವು ನಮ್ಮಪ್ಪ. ಚಂದಾಗಿ ಜಡಿ ಹಾಕೀನಿ ನೋಡು."

ಹದಿನೇಳೂ ವೈರು ಒಂದೇ ಜಡೆಯಾಗಿತ್ತು. ಕಿತ್ತ ಚೀಟಿಗಳನ್ನೆಲ್ಲ ಕಸವೆಂದು ಅವಳು ಗಟಾರಕ್ಕೆ ಎಸೆದಿದ್ದಳು.

"ಯಾ ಅಲ್ಲಾ," ಎಂದು ಹುಸೇನಬಾಷಾ ನೆಲಕ್ಕೆ ಕೂತ. ಜಡೆ ಬಿಚ್ಚಿ, ಪ್ರತಿ ವೈರನ್ನೂ ಮತ್ತೆ ಅಳೆದು, ಸಾಲಾಗಿ ಜೋಡಿಸುವಷ್ಟರಲ್ಲಿ ಮೂರೂವರೆ. ಕೀಲಿ ತಿರುಗಿಸಿದರು. ಏನೂ ಇಲ್ಲ.

"ಗಾಬರಿ ಆಗಬ್ಯಾಡ. ಹೊಸ ಹಲಗಿ ನಿದ್ದಿ ಮಾಡಾಕತ್ತೈತಿ. ಒಮ್ಮೆ ಚಾರ್ಜರ್ ಹಚ್ಚಿದ್ರ ಏಳತೈತಿ."

ಚಾರ್ಜರ್ ಹಚ್ಚಿದರು. ಕರೆಂಟು ಆಗಷ್ಟೇ ಹೋಗಿತ್ತು.

ಸಿದ್ದಲಿಂಗೇಶ ಕಂಬದ ವೈರನ್ನೇ ನೋಡುತ್ತ ನಿಂತ, ಮಳೆಗೆ ಬಾಯಿ ತೆರೆದ ಕಪ್ಪೆಯ ಹಾಗೆ. ಮೂರೂ ಐವತ್ತೈದಕ್ಕೆ ಅಂಬಮ್ಮನ ಮನೆಯ ಫ್ಯಾನು ತಿರುಗಿತು. ಚಾರ್ಜರಿನಲ್ಲಿ ದೀಪ, ಸ್ಕೂಟರಿನಲ್ಲಿ ಜೀವ. ಅವನು ಬಸ್‌ಸ್ಟ್ಯಾಂಡಿಗೆ ಹಾರಿದ.

ಅಮರಗುಂಡಪ್ಪ ಹಿಂದೆ ಕೂತು ಊರು ಸುತ್ತಿದ. ಆಮೇಲೆ ತಾನೇ ಹಿಡಿದು ಓಣಿಯಲ್ಲಿ ಎರಡು ಸುತ್ತು ಹೊಡೆದ. ಮನೆಯ ಮುಂದೆ ಇಳಿದಾಗ ಅವನ ಮುಖ ಹೊಸ ಹಿತ್ತಾಳೆ ತಂಬಿಗೆಯಂತೆ ಹೊಳೆಯುತ್ತಿತ್ತು.

ಇದೇ ಗಳಿಗೆ ಎಂದುಕೊಂಡ ಸಿದ್ದಲಿಂಗೇಶ. "ಮಾವಾ, ಒಂದು ಮಾತು ಹೇಳೂದಿತ್ತು..."

"ನಂದು ಮೊದಲ ಕೇಳು ಅಳಿಯಾ. ಮೊಳಕಾಲು ಹೋದಾಗಿಂದ ನಾ ಕಿಕ್ ಹೊಡದಿಲ್ಲ, ಹೊಲದ ಮುಖಾ ನೋಡಿಲ್ಲ. ದಿನಾ ಕಟ್ಟಿ ಮ್ಯಾಲ ಕುಂತು ನೊಣಾ ಹೊಡಿಯೂದ ಆಗೈತಿ. ಇದಕ್ಕ ಕಿಕ್ಕಿಲ್ಲ, ಗೇರಿಲ್ಲ. ನನಗಂತನ ಮಾಡಿದಂಗ ಐತಿ." ಅಮರಗುಂಡಪ್ಪನ ಕಣ್ಣು ಒದ್ದೆಯಾಗಿತ್ತು. "ಇದನ್ನ ನಾ ಒಯ್ತೀನಿ. ಎರಡೆರಡು ಗಾಡಿ ಇಟಗೊಂಡು ನೀ ಏನು ಮಾಡ್ತಿ? ನಿನಗ ಹೆಂಗೂ ನಾ ಕೊಟ್ಟ ಬೈಕ್ ಐತಲ್ಲ."

ಸಿದ್ದಲಿಂಗೇಶ ಸ್ಕೂಟರಿನ ಹ್ಯಾಂಡಲ್ ಹಿಡಿದೇ ನಿಂತ.

"ಯಾಕ ನಿಂತಿ? ಹೊತ್ತು ಮುಳುಗೂದ್ರಾಗ ಊರು ಮುಟ್ಟಬೇಕು. ಬೈಕ್ ತಗಿ, ಊರ ತನಕ ಜೋಡಿಲೆ ಹೋಗೋಣು."

ಅವನು ಹೆಂಡತಿಯತ್ತ ತಿರುಗಿದ. ಆಡಿದ ಮಾತಿಗೆ ತಪ್ಪದ ಶಿವಕುಮಾರಿ ಏನೂ ಹೇಳದೆ ಒಳಗೆ ನಡೆದಳು. ಬೇರೇನೂ ತೋಚದೆ, ಬೈಕಿನ ಕೀಲಿ ಹುಡುಕುವವನಂತೆ ಸಿದ್ದಲಿಂಗೇಶ ಜೇಬಿಗೆ ಕೈಹಾಕಿದ.

ಸುಟ್ಟ ಹಲಗೆಯ ಇರುವೆಗಳು ಮಧ್ಯಾಹ್ನದಿಂದ ಅಲ್ಲೇ ಕಾದಿದ್ದವು.